ಸರ್ವರಿನ ಪೂರ್ಣ ಹೋಸ್ಟ್ ಹೆಸರು

ಪೂರ್ಣ ಹೋಸ್ಟ್ ಹೆಸರು ಎಂದರೆ ಒಂದು ಕಂಪ್ಯೂಟರನ್ನು ಅಥವಾ ಅದು ನೀಡುವ ಸೇವೆಯನ್ನು ಅಂತರಜಾಲದ ಹೆಸರುಗಳ ವ್ಯವಸ್ಥೆಯಾದ ಡಿಎನ್‌ಎಸ್‌ನಲ್ಲಿ ಬೇರೆ ಯಾವುದರೊಡನೆಯೂ ಗೊಂದಲವಾಗದಂತೆ ಗುರುತಿಸುವ ಹೆಸರು. ಮೂಲದವರೆಗಿನ ಎಲ್ಲ ಭಾಗಗಳೂ ಅದರಲ್ಲಿ ಸೇರಿರುತ್ತವೆ. ಇಂಗ್ಲಿಷಿನಲ್ಲಿ ಇದನ್ನು 'ಫುಲ್ಲಿ ಕ್ವಾಲಿಫೈಡ್ ಡೊಮೇನ್ ನೇಮ್' ಎನ್ನುತ್ತಾರೆ. ತಂತ್ರಜ್ಞರ ನಡುವೆ ಎಫ್‌ಕ್ಯೂಡಿಎನ್ ಎಂಬ ಸಂಕ್ಷಿಪ್ತ ರೂಪವೇ ಹೆಚ್ಚು ಬಳಕೆಯಲ್ಲಿದೆ. ಮಂಡ್ಯ ಜಿಲ್ಲಾಡಳಿತದ ಜಾಲತಾಣದ ಹೆಸರಾದ ಮಂಡ್ಯ.ನಿಕ್.ಇನ್ ಇದಕ್ಕೊಂದು ಉದಾಹರಣೆ. ಕಂಪ್ಯೂಟರಿನಲ್ಲಿ ಇದನ್ನು ರೋಮನ್ ಅಕ್ಷರಗಳಲ್ಲಿ ಬರೆಯಬೇಕು. ಈ ಲೇಖನದಲ್ಲಿ ಇಂತಹ ಹೆಸರುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ನೀಡಲಾಗಿದೆ.

ಸರ್ವರಿನಲ್ಲಿ ನಡೆಯುವ ಅನ್ವಯ ತಂತ್ರಾಂಶವೊಂದು ತಾನು ಯಾವ ಹೆಸರಿನ ಯಂತ್ರದಲ್ಲಿ ನಡೆಯುತ್ತಿದ್ದೇನೆ ಎಂಬುದನ್ನು ತಾನೇ ತಿಳಿದುಕೊಳ್ಳಬೇಕಾದ ಸಂದರ್ಭಗಳು ಹಲವು. ಬಳಕೆದಾರರಿಗೆ ಕಳುಹಿಸುವ ಮಿಂಚಂಚೆಯಲ್ಲಿ ಕೊಂಡಿಯನ್ನು ಸೇರಿಸುವಾಗ, ಅಂಚೆ ಸರ್ವರಿಗೆ ತನ್ನ ಪರಿಚಯ ಹೇಳಿಕೊಳ್ಳುವಾಗ, ದೋಷಗಳ ದಿನಚರಿಯನ್ನು ಬರೆಯುವಾಗ ಈ ಪ್ರಶ್ನೆ ಎದುರಾಗುತ್ತದೆ. ಪ್ರಶ್ನೆ ಸರಳವಾಗಿ ಕಂಡರೂ ಉತ್ತರ ಸರಳವಲ್ಲ. ಯಂತ್ರಕ್ಕೆ 'ನಿಜವಾದ' ಹೆಸರೊಂದು ಎಲ್ಲಿಯೋ ಅಡಗಿದೆ, ಅದನ್ನು ಹೊರತೆಗೆಯುವ ಆಜ್ಞೆ ಗೊತ್ತಿದ್ದರೆ ಸಾಕು ಎಂಬ ಭಾವನೆ ಕಲಿಯುವವರಲ್ಲಿ ಸಾಮಾನ್ಯ. ವಾಸ್ತವದಲ್ಲಿ ಯಂತ್ರ ತನ್ನನ್ನು ಕರೆದುಕೊಳ್ಳುವ ಹೆಸರು, ಡಿಎನ್‌ಎಸ್ ಅದಕ್ಕೆ ಕೊಡುವ ಹೆಸರು ಮತ್ತು ಸಂದರ್ಶಕರು ಅದನ್ನು ಕರೆಯುವ ಹೆಸರು ಈ ಮೂರೂ ಬೇರೆ ಬೇರೆಯಾಗಿರಬಹುದು. ಬಹುತೇಕ ದೊಡ್ಡ ತಾಣಗಳಲ್ಲಿ ಬೇರೆಯಾಗಿಯೇ ಇರುತ್ತವೆ.

ಹೆಸರಿನ ರಚನೆ

ಡಿಎನ್‌ಎಸ್ ಹೆಸರು ಚುಕ್ಕೆಗಳಿಂದ ಬೇರ್ಪಟ್ಟ ತುಣುಕುಗಳ ಸಾಲು. ಬಲತುದಿಯಲ್ಲಿ ಅತಿ ವಿಶಾಲವಾದ ವಲಯವೂ ಎಡತುದಿಯಲ್ಲಿ ಅತಿ ನಿರ್ದಿಷ್ಟವಾದ ಭಾಗವೂ ಇರುತ್ತವೆ. ಮಂಡ್ಯ.ನಿಕ್.ಇನ್ ಎಂಬುದರಲ್ಲಿ 'ಇನ್' ಭಾರತದ ರಾಷ್ಟ್ರಮಟ್ಟದ ವಲಯ. 'ನಿಕ್' ಎಂಬುದು 1976ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರಕ್ಕೆ ಸೇರಿದ ಉಪವಲಯ. 'ಮಂಡ್ಯ' ಅದರೊಳಗಿನ ಹೆಸರು. ಕರ್ನಾಟಕದ ರೈತರು ಪಹಣಿಯನ್ನು ನೋಡುವ ಲ್ಯಾಂಡ್‌ರೆಕಾರ್ಡ್ಸ್.ಕರ್ನಾಟಕ.ಗವ್.ಇನ್ ಎಂಬ ಹೆಸರಿನಲ್ಲಿ ನಾಲ್ಕು ತುಣುಕುಗಳಿವೆ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳ ಜಾಲತಾಣಗಳು ಎಂಆರ್‌ಸಿ.ಗವ್.ಇನ್ ಎಂಬ ಒಂದೇ ವಲಯದ ಕೆಳಗೆ ರೂಪುಗೊಂಡಾಗ ಮದ್ದೂರುಟೌನ್, ಮಳವಳ್ಳಿಟೌನ್ ಎಂಬಂತಹ ತುಣುಕುಗಳು ಎಡತುದಿಗೆ ಬಂದವು.

ಒಂದು ತುಣುಕು 63 ಆಕ್ಟೆಟ್‌ಗಳನ್ನೂ ಇಡೀ ಹೆಸರು 255 ಆಕ್ಟೆಟ್‌ಗಳನ್ನೂ ಮೀರುವಂತಿಲ್ಲ. ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲ. ಶಾಸ್ತ್ರೀಯವಾಗಿ ನೋಡಿದರೆ ಪೂರ್ಣ ಹೆಸರಿನ ಕೊನೆಯಲ್ಲಿ ಇನ್ನೊಂದು ಚುಕ್ಕೆ ಇರಬೇಕು. ಅದು ಎಲ್ಲ ವಲಯಗಳಿಗೂ ಮೂಲವಾದ, ಹೆಸರೇ ಇಲ್ಲದ ಬೇರನ್ನು ಸೂಚಿಸುತ್ತದೆ. ನಿತ್ಯದ ಬಳಕೆಯಲ್ಲಿ ಈ ಚುಕ್ಕೆಯನ್ನು ಬಿಟ್ಟುಬಿಡುತ್ತಾರೆ. ಆದರೆ ಕೆಲವು ತಂತ್ರಾಂಶಗಳು ಚುಕ್ಕೆ ಸಹಿತವಾಗಿಯೇ ಹೆಸರನ್ನು ಹಿಂದಿರುಗಿಸುವುದರಿಂದ ಎರಡು ಹೆಸರುಗಳನ್ನು ಹೋಲಿಸುವ ಮುನ್ನ ಅದನ್ನು ತೆಗೆದುಹಾಕುವುದು ವಾಡಿಕೆ.

'ಪೂರ್ಣ' ಎಂಬ ವಿಶೇಷಣ ಏಕೆ ಬೇಕು ಎಂಬುದು ಊರುಗಳ ಹೆಸರಿನಿಂದ ಸುಲಭವಾಗಿ ತಿಳಿಯುತ್ತದೆ. ಮದ್ದೂರಿನ ಸಂತೆಯಲ್ಲಿ ನಿಂತವರು 'ಕೊಪ್ಪ' ಎಂದರೆ ಕೇಳುವವರು ಅದೇ ತಾಲ್ಲೂಕಿನ ಕೊಪ್ಪ ಹೋಬಳಿ ಎಂದೇ ತಿಳಿಯುತ್ತಾರೆ. ಅದೇ ಮಾತನ್ನು ಶೃಂಗೇರಿಯಲ್ಲಿ ಆಡಿದರೆ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕು ಎಂದಾಗುತ್ತದೆ. ಹೆಸರಿನ ಅರ್ಥ ಹೇಳುವವರು ನಿಂತಿರುವ ಸ್ಥಳವನ್ನು ಅವಲಂಬಿಸಿದೆ. 'ಕೊಪ್ಪ, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ' ಎಂದು ಬರೆದಾಗ ಮಾತ್ರ ಲಕೋಟೆ ಎಲ್ಲಿಂದ ಹೊರಟರೂ ಒಂದೇ ಊರನ್ನು ತಲುಪುತ್ತದೆ. ಕಂಪ್ಯೂಟರಿಗೂ 'ವೆಬ್1' ಎಂಬಂತಹ ಕಿರು ಹೆಸರು ಅದರ ಸ್ವಂತ ಜಾಲದೊಳಗೆ ಸಾಕು. ಹೊರಗಿನವರಿಗೆ ಪೂರ್ಣ ಹೆಸರು ಬೇಕು.

ಕಿರಿದರಿಂದ ಹಿರಿದಕ್ಕೆ ಹೋಗುವ ಈ ಕ್ರಮ ಅಂಚೆಯ ವಿಳಾಸವನ್ನು ಹೋಲುತ್ತದೆಯೇ ಹೊರತು ಕನ್ನಡಿಗರ ಹೆಸರಿನ ಇನಿಷಿಯಲ್‌ಗಳನ್ನಲ್ಲ. ಕವಿ ಕೆ. ಎಸ್. ನರಸಿಂಹಸ್ವಾಮಿಯವರ ಹೆಸರಿನಲ್ಲಿ ಮೊದಲು ಮಂಡ್ಯ ಜಿಲ್ಲೆಯ ಕಿಕ್ಕೇರಿ, ಅನಂತರ ತಂದೆ ಸುಬ್ಬರಾಯರು, ಕೊನೆಗೆ ಸ್ವಂತ ಹೆಸರು ಬರುತ್ತವೆ. ಗಣಕಜಾಲಗಳಲ್ಲಿಯೂ ಈ ಹಿರಿದರಿಂದ ಕಿರಿದಕ್ಕೆ ಸಾಗುವ ಕ್ರಮವನ್ನು ಅನುಸರಿಸಿದವರುಂಟು. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಜಾಲವಾದ ಜಾನೆಟ್ ಬಹುಕಾಲ ದೇಶದ ಹೆಸರನ್ನೇ ಮೊದಲಿಗೆ ಬರೆಯುತ್ತಿತ್ತು. ಉಳಿದ ಜಗತ್ತಿನೊಡನೆ ಅಂಚೆ ವಿನಿಮಯ ಹೆಚ್ಚಿದಂತೆ ಆ ಪದ್ಧತಿಯನ್ನು ಕೈಬಿಡಬೇಕಾಯಿತು.

ಹಿನ್ನೆಲೆ

ಆರ್ಪಾನೆಟ್ಟಿನ ಕಾಲದಲ್ಲಿ ಜಾಲದ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ಸಂಖ್ಯೆಗಳು ಹೋಸ್ಟ್ಸ್.ಟಿಎಕ್ಸ್‌ಟಿ ಎಂಬ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ತಿದ್ದಿ ಇಡುತ್ತಿದ್ದರು. ಉಳಿದವರು ಪ್ರತಿ ಮಾಡಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಇದು ನಿಭಾಯಿಸಲಾಗದ ಹೊರೆಯಾಯಿತು. ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡಿಎನ್‌ಎಸ್‌ನ ಮೊದಲ ವಿನ್ಯಾಸವನ್ನು ಪ್ರಕಟಿಸಿದರು. 1987ರಲ್ಲಿ ಹೊರಬಂದ ಆರ್‌ಎಫ್‌ಸಿ 1034 ಮತ್ತು 1035 ಎಂಬ ದಾಖಲೆಗಳು ಇಂದಿಗೂ ಅದರ ಆಧಾರ. ಭಾರತದ 'ಇನ್' ವಲಯ 1989ರಲ್ಲಿ ನೋಂದಣಿಯಾಯಿತು; 2005ರಿಂದ ಅದರ ನಿರ್ವಹಣೆ ನಿಕ್ಸಿ ಸಂಸ್ಥೆಯದು. ಹಳೆಯ ಹೋಸ್ಟ್ಸ್ ಕಡತ ಸಂಪೂರ್ಣವಾಗಿ ಮರೆಯಾಗಲಿಲ್ಲ. ಪ್ರತಿಯೊಂದು ಲಿನಕ್ಸ್ ಮತ್ತು ವಿಂಡೋಸ್ ಯಂತ್ರದಲ್ಲಿ ಅದರ ಪುಟ್ಟ ರೂಪವೊಂದು ಉಳಿದುಕೊಂಡಿದೆ, ಮತ್ತು ಮುಂದೆ ಕಾಣುವಂತೆ ಹಲವು ತಪ್ಪು ಉತ್ತರಗಳಿಗೆ ಅದೇ ಕಾರಣ.

ಯಂತ್ರ ತನ್ನ ಹೆಸರನ್ನು ಹುಡುಕುವ ಬಗೆ

ಕಾರ್ಯಾಚರಣೆ ವ್ಯವಸ್ಥೆ ತನ್ನೊಳಗೆ ಒಂದು ಹೋಸ್ಟ್ ಹೆಸರನ್ನು ಇಟ್ಟುಕೊಂಡಿರುತ್ತದೆ. ವ್ಯವಸ್ಥಾಪಕರು ಯಂತ್ರವನ್ನು ಸಿದ್ಧಪಡಿಸುವಾಗ ಬರೆದ ಪದವದು. ಯೂನಿಕ್ಸ್ ಕುಟುಂಬದಲ್ಲಿ ಗೆಟ್‌ಹೋಸ್ಟ್‌ನೇಮ್ ಎಂಬ ಕರೆ ಅದನ್ನು ಯಥಾವತ್ತಾಗಿ ಹಿಂದಿರುಗಿಸುತ್ತದೆ. ಲಿನಕ್ಸಿನಲ್ಲಿ ಅದರ ಗರಿಷ್ಠ ಉದ್ದ 64 ಅಕ್ಷರಗಳು, ಅಂದರೆ ಡಿಎನ್‌ಎಸ್ ಒಪ್ಪುವ ಉದ್ದಕ್ಕಿಂತ ಬಹಳ ಕಡಿಮೆ. ಈ ಕರೆಗೂ ಡಿಎನ್‌ಎಸ್‌ಗೂ ಯಾವ ಸಂಬಂಧವೂ ಇಲ್ಲ ಎಂಬುದನ್ನು ಗಮನಿಸಬೇಕು. ವ್ಯವಸ್ಥಾಪಕರು ಯಂತ್ರಕ್ಕೆ 'ಶಿಂಷಾ' ಎಂದು ಹೆಸರಿಟ್ಟಿದ್ದರೆ ಉತ್ತರ 'ಶಿಂಷಾ' ಎಂದೇ ಬರುತ್ತದೆ. ಆ ಹೆಸರು ಜಗತ್ತಿನಲ್ಲಿ ಬೇರಾರಿಗಾದರೂ ತಿಳಿದಿದೆಯೇ ಎಂದು ಅದು ವಿಚಾರಿಸುವುದಿಲ್ಲ.

ಕಿರು ಹೆಸರನ್ನು ಪೂರ್ಣಗೊಳಿಸುವ ಕೆಲಸ ಹೆಸರು ಪರಿಹಾರಕ ಎಂಬ ಭಾಗದ್ದು. ಅದು ಮೊದಲು ಯಂತ್ರದಲ್ಲಿಯೇ ಇರುವ ಹೋಸ್ಟ್ಸ್ ಕಡತವನ್ನು ನೋಡುತ್ತದೆ. ಅಲ್ಲಿ ಸಿಗದಿದ್ದರೆ, ಸಂರಚನೆಯಲ್ಲಿ ಕೊಟ್ಟಿರುವ ಹುಡುಕು ವಲಯಗಳನ್ನು ಒಂದೊಂದಾಗಿ ಕಿರು ಹೆಸರಿಗೆ ಜೋಡಿಸಿ ಡಿಎನ್‌ಎಸ್ ಸರ್ವರನ್ನು ಕೇಳುತ್ತದೆ. ಮದ್ದೂರಿನಲ್ಲಿ 'ಕೊಪ್ಪ' ಎಂದಾಗ ಕೇಳುವವರ ಮನಸ್ಸು ತಾನಾಗಿಯೇ 'ಮದ್ದೂರು ತಾಲ್ಲೂಕು' ಎಂದು ಸೇರಿಸಿಕೊಳ್ಳುವಂತೆಯೇ ಇದು. ಉತ್ತರ ದೊರೆತಾಗ ಜೊತೆಗೆ ಬರುವ ಅಧಿಕೃತ ಹೆಸರನ್ನೇ ಪೂರ್ಣ ಹೆಸರೆಂದು ತೆಗೆದುಕೊಳ್ಳಲಾಗುತ್ತದೆ. ಲಿನಕ್ಸಿನ ಹೋಸ್ಟ್‌ನೇಮ್ ಆಜ್ಞೆಗೆ ಎಫ್ ಎಂಬ ಆಯ್ಕೆಯನ್ನು ಕೊಟ್ಟಾಗ ನಡೆಯುವುದು ಇದೇ.

ಇನ್ನೊಂದು ದಾರಿ ಹಿಮ್ಮುಖ ಹುಡುಕಾಟ: ಹೆಸರಿನಿಂದ ಸಂಖ್ಯೆಗೆ ಹೋಗುವ ಬದಲು ಸಂಖ್ಯೆಯಿಂದ ಹೆಸರಿಗೆ ಬರುವುದು. 203.0.113.25 ಎಂಬ ವಿಳಾಸದ ಹೆಸರನ್ನು ತಿಳಿಯಲು ಅಂಕಿಗಳನ್ನು ಹಿಂದುಮುಂದಾಗಿಸಿ 25.113.0.203 ಎಂದು ಬರೆದು, ಅದಕ್ಕೆ ಇನ್-ಆಡ್ರ್.ಆರ್ಪ ಎಂಬ ವಿಶೇಷ ವಲಯವನ್ನು ಸೇರಿಸಿ ಕೇಳಬೇಕು. ಹೀಗೆ ಬರುವ ಉತ್ತರವನ್ನು ಪಿಟಿಆರ್ ದಾಖಲೆ ಎನ್ನುತ್ತಾರೆ. ಈ ದಾಖಲೆಯನ್ನು ಬರೆಯುವ ಅಧಿಕಾರ ಹೆಸರಿನ ಒಡೆಯರದಲ್ಲ, ಸಂಖ್ಯೆಗಳ ಒಡೆಯರದು. ಸಾಮಾನ್ಯವಾಗಿ ಅಂತರಜಾಲ ಸೇವಾದಾರರು ಅಥವಾ ದತ್ತಾಂಶ ಕೇಂದ್ರದವರು. ಆದ್ದರಿಂದ ಮುಮ್ಮುಖ ಮತ್ತು ಹಿಮ್ಮುಖ ಉತ್ತರಗಳು ಒಂದಕ್ಕೊಂದು ಹೊಂದಲೇಬೇಕೆಂಬ ನಿಯಮವಿಲ್ಲ. ಪಿನ್ ಸಂಖ್ಯೆಯ ಹೋಲಿಕೆ ಇಲ್ಲಿ ಸಹಾಯಕ. ಮದ್ದೂರಿನ ಪಿನ್ ಯಾವುದೆಂದು ಕೇಳಿದರೆ 571428 ಎಂಬ ಒಂದೇ ಉತ್ತರ. ಆದರೆ 571428 ಯಾವ ಊರಿನದು ಎಂದು ಕೇಳಿದರೆ ಮದ್ದೂರಿನ ಜೊತೆಗೆ ಸುತ್ತಲಿನ ಹಳ್ಳಿಗಳೂ ಸೇರುತ್ತವೆ. ಆದರೂ ಉತ್ತರ ಹೇಳುವವರು ಪಟ್ಟಣದ ಹೆಸರೊಂದನ್ನೇ ಹೇಳಿ ಸುಮ್ಮನಾಗುತ್ತಾರೆ.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ

ಪೈಥಾನ್ ಭಾಷೆಯ ಸಾಕೆಟ್ ಘಟಕದಲ್ಲಿ ಗೆಟ್‌ಹೋಸ್ಟ್‌ನೇಮ್ ಮತ್ತು ಗೆಟ್‌ಎಫ್‌ಕ್ಯೂಡಿಎನ್ ಎಂಬ ಎರಡು ಕಾರ್ಯಗಳಿವೆ. ಮೊದಲನೆಯದು ಯಂತ್ರದ ಹೆಸರನ್ನು ಹಾಗೆಯೇ ಕೊಡುತ್ತದೆ. ಎರಡನೆಯದು ಪರಿಹಾರಕವನ್ನು ಕೇಳಿ, ಬಂದ ಅಧಿಕೃತ ಹೆಸರು ಮತ್ತು ಅಡ್ಡಹೆಸರುಗಳಲ್ಲಿ ಚುಕ್ಕೆ ಇರುವ ಮೊದಲನೆಯದನ್ನು ಆರಿಸುತ್ತದೆ. ಏನೂ ಸಿಗದಿದ್ದರೆ ಯಾವ ದೋಷವನ್ನೂ ಸೂಚಿಸದೆ ಕಿರು ಹೆಸರನ್ನೇ ಹಿಂದಿರುಗಿಸುತ್ತದೆ. ಚುಕ್ಕೆ ಇದ್ದರೆ ಪೂರ್ಣ ಎಂಬ ಈ ಲೆಕ್ಕಾಚಾರ ಅನುಕೂಲಕ್ಕೆ ಮಾಡಿಕೊಂಡ ಒಂದು ಊಹೆ ಮಾತ್ರ, 'ಲೋಕಲ್‌ಹೋಸ್ಟ್.ಲೋಕಲ್‌ಡೊಮೇನ್' ಎಂಬ ಅರ್ಥಹೀನ ಹೆಸರು ಕೂಡ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ.

ಜಾವಾದಲ್ಲಿ ಇನೆಟ್‌ಅಡ್ರೆಸ್ ವರ್ಗದ ಗೆಟ್‌ಲೋಕಲ್‌ಹೋಸ್ಟ್ ಮೂಲಕ ವಿಳಾಸವನ್ನು ಪಡೆದು, ಅದರ ಮೇಲೆ ಗೆಟ್‌ಕ್ಯಾನಾನಿಕಲ್‌ಹೋಸ್ಟ್‌ನೇಮ್ ಎಂದು ಕೇಳಬೇಕು. ಹಿಮ್ಮುಖ ಹುಡುಕಾಟ ವಿಫಲವಾದರೆ ಉತ್ತರವಾಗಿ ಅಂಕಿಗಳ ವಿಳಾಸವೇ ಬರುತ್ತದೆ. ಅಂಕಿಗಳ ನಡುವೆಯೂ ಚುಕ್ಕೆಗಳಿರುವುದರಿಂದ ಅಜಾಗರೂಕ ಪರೀಕ್ಷೆಗೆ ಅದೂ ಪೂರ್ಣ ಹೆಸರಾಗಿಯೇ ತೋರಬಹುದು.

ವಿಂಡೋಸ್ ಮೇಲಿನ ಡಾಟ್‌ನೆಟ್ ಪರಿಸರದಲ್ಲಿ ಎನ್ವಿರಾನ್‌ಮೆಂಟ್.ಮಷೀನ್‌ನೇಮ್ ಎಂಬ ಗುಣವನ್ನು ಬಳಸುವವರು ಹೆಚ್ಚು. ಅದು ಕೊಡುವುದು ನೆಟ್‌ಬಯಾಸ್ ಹೆಸರನ್ನು. ಅದರ ಮಿತಿ 15 ಅಕ್ಷರಗಳು, ವಲಯದ ಭಾಗ ಅದರಲ್ಲಿ ಇರುವುದೇ ಇಲ್ಲ. ಪೂರ್ಣ ಹೆಸರು ಬೇಕಾದಾಗ ಐಪಿಗ್ಲೋಬಲ್‌ಪ್ರಾಪರ್ಟೀಸ್ ಎಂಬ ವರ್ಗದಿಂದ ಹೋಸ್ಟ್ ಹೆಸರು ಮತ್ತು ವಲಯದ ಹೆಸರುಗಳನ್ನು ಪ್ರತ್ಯೇಕವಾಗಿ ಪಡೆದು ನಡುವೆ ಚುಕ್ಕೆ ಇಟ್ಟು ಜೋಡಿಸುವುದು ಒಂದು ವಿಧಾನ. ಯಾವ ವಲಯಕ್ಕೂ ಸೇರದ ಯಂತ್ರದಲ್ಲಿ ಎರಡನೆಯ ಭಾಗ ಬರಿದಾಗಿರುತ್ತದೆ; ಅದನ್ನು ಪರೀಕ್ಷಿಸದಿದ್ದರೆ ತುದಿಯಲ್ಲಿ ಚುಕ್ಕೆ ನೇತಾಡುವ ಹೆಸರು ಸಿದ್ಧವಾಗುತ್ತದೆ. ಪಿಎಚ್‌ಪಿ, ಗೋ, ನೋಡ್ ಮುಂತಾದವು ಯಂತ್ರದ ಹೆಸರನ್ನು ಕೊಡುವ ಕಾರ್ಯವನ್ನಷ್ಟೇ ಒದಗಿಸುತ್ತವೆ. ಉಳಿದದ್ದನ್ನು ಡಿಎನ್‌ಎಸ್ ಹುಡುಕಾಟದಿಂದ ತುಂಬಿಕೊಳ್ಳುವುದು ಬರೆಯುವವರ ಹೊಣೆ.

ಉತ್ತರ ತಪ್ಪಾಗುವ ಸಂದರ್ಭಗಳು

ಒಂದೇ ಪ್ರೋಗ್ರಾಮ್ ಒಂದು ಯಂತ್ರದಲ್ಲಿ ಸರಿಯಾದ ಹೆಸರನ್ನೂ ಇನ್ನೊಂದರಲ್ಲಿ 'ಲೋಕಲ್‌ಹೋಸ್ಟ್' ಎಂಬ ಉತ್ತರವನ್ನೂ ಕೊಡುವುದುಂಟು. ಬಹುಪಾಲು ಸಂದರ್ಭಗಳಲ್ಲಿ ದೋಷ ಪ್ರೋಗ್ರಾಮಿನಲ್ಲಿ ಇರುವುದಿಲ್ಲ, ಹೋಸ್ಟ್ಸ್ ಕಡತದಲ್ಲಿ ಇರುತ್ತದೆ. ಆ ಕಡತದ ಪ್ರತಿ ಸಾಲಿನಲ್ಲಿ ಮೊದಲು ವಿಳಾಸ, ಅನಂತರ ಹೆಸರುಗಳು ಇರುತ್ತವೆ. ವಿಳಾಸದ ಪಕ್ಕದಲ್ಲಿ ಬರುವ ಮೊದಲ ಹೆಸರೇ ಅಧಿಕೃತ, ಮಿಕ್ಕವು ಅಡ್ಡಹೆಸರುಗಳು. ಕಿರು ಹೆಸರನ್ನು ಮೊದಲು ಬರೆದು ಪೂರ್ಣ ಹೆಸರನ್ನು ಆಮೇಲೆ ಬರೆದರೆ ವ್ಯವಸ್ಥೆ ಕಿರು ಹೆಸರನ್ನೇ ಅಧಿಕೃತವೆಂದು ನಂಬುತ್ತದೆ. ಡೆಬಿಯನ್ ಲಿನಕ್ಸ್ ಸ್ಥಿರ ವಿಳಾಸವಿಲ್ಲದ ಯಂತ್ರಗಳಲ್ಲಿ ಸ್ವಂತ ಹೆಸರನ್ನು 127.0.1.1 ಎಂಬ ಒಳವಿಳಾಸಕ್ಕೆ ಕಟ್ಟಿಡುತ್ತದೆ. ಹೆಸರು ಸರಿಯಾಗಿದ್ದರೂ ಅದರಿಂದ ವಿಳಾಸಕ್ಕೆ ಹೋದವರು ಯಂತ್ರದೊಳಗೇ ಸುತ್ತಿ ಬರುತ್ತಾರೆ.

ಕಂಟೇನರುಗಳ ಬಳಕೆ ಹೆಚ್ಚಿದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿದೆ. ಡಾಕರ್ ಕಂಟೇನರಿನೊಳಗೆ ಹೋಸ್ಟ್ ಹೆಸರು ಕೇಳಿದರೆ, ಬೇರೆ ಹೆಸರನ್ನು ಕೊಡದಿದ್ದ ಪಕ್ಷದಲ್ಲಿ, ಆ ಕಂಟೇನರಿನ ಗುರುತುಸಂಖ್ಯೆಯ ಮೊದಲ 12 ಅಕ್ಷರಗಳು ಸಿಗುತ್ತವೆ. ಕುಬರ್ನೆಟಿಸ್‌ನಲ್ಲಿ ಪಾಡ್‌ನ ಹೆಸರು ಸಿಗುತ್ತದೆ. ಎರಡೂ ಅಲ್ಪಾಯುಷಿಗಳು, ಮರುಪ್ರಾರಂಭವಾದಾಗ ಬದಲಾಗಬಹುದಾದ ಇಂತಹ ಹೆಸರುಗಳನ್ನು ದತ್ತಾಂಶ ಸಂಗ್ರಹದಲ್ಲಿ ಶಾಶ್ವತ ಗುರುತಾಗಿ ಉಳಿಸುವುದು ಅಪಾಯಕಾರಿ.

ಕಾಲಹರಣದ ಪ್ರಶ್ನೆಯೂ ಇದೆ. ಡಿಎನ್‌ಎಸ್ ಸರ್ವರ್ ಉತ್ತರಿಸದಿದ್ದರೆ ಲಿನಕ್ಸಿನ ಸಾಮಾನ್ಯ ಪರಿಹಾರಕ ಪೂರ್ವನಿಯೋಜಿತವಾಗಿ 5 ಸೆಕೆಂಡು ಕಾದು ಮತ್ತೊಮ್ಮೆ ಪ್ರಯತ್ನಿಸುತ್ತದೆ. ಪ್ರತಿ ಕೋರಿಕೆಗೂ ಪೂರ್ಣ ಹೆಸರನ್ನು ಹೊಸದಾಗಿ ಹುಡುಕುವ ಅನ್ವಯವು ಜಾಲದಲ್ಲಿ ಸಣ್ಣ ಅಡಚಣೆಯಾದರೂ ಸ್ತಬ್ಧವಾದಂತೆ ಕಾಣುತ್ತದೆ. ಆರಂಭದಲ್ಲಿ ಒಮ್ಮೆ ಹುಡುಕಿ ನೆನಪಿಟ್ಟುಕೊಳ್ಳುವುದು ರೂಢಿಯಲ್ಲಿರುವ ಪರಿಹಾರ.

ಅಂಚೆ ಕಳುಹಿಸುವ ಅನ್ವಯಗಳಿಗೆ ಹೆಸರಿನ ತಪ್ಪು ನೇರವಾಗಿ ತಟ್ಟುತ್ತದೆ. ಎಸ್‌ಎಂಟಿಪಿ ನಿಯಮಾವಳಿಯಂತೆ, ಕಳುಹಿಸುವ ಯಂತ್ರ ಮಾತುಕತೆಯ ಆರಂಭದಲ್ಲಿಯೇ ತನ್ನ ಪೂರ್ಣ ಹೆಸರನ್ನು ಹೇಳಬೇಕು. ಹೆಸರಿಲ್ಲದಿದ್ದರೆ ಚೌಕ ಆವರಣದಲ್ಲಿ ವಿಳಾಸವನ್ನಾದರೂ ಕೊಡಬೇಕು. 'ಲೋಕಲ್‌ಹೋಸ್ಟ್' ಎಂದು ಪರಿಚಯಿಸಿಕೊಂಡ ಯಂತ್ರದ ಪತ್ರಗಳನ್ನು ಅನೇಕ ಸರ್ವರುಗಳು ತಿರಸ್ಕರಿಸುತ್ತವೆ ಇಲ್ಲವೆ ರದ್ದಿಯ ಬುಟ್ಟಿಗೆ ಹಾಕುತ್ತವೆ. ಕಳುಹಿಸಿದವರಿಗೆ ಇದು ತಿಳಿಯುವುದೇ ಇಲ್ಲ. ವಿದ್ಯಾರ್ಥಿಗಳಿಗೆ ಪ್ರವೇಶಪತ್ರದ ಸೂಚನೆ ತಲುಪಲಿಲ್ಲ ಎಂಬಂತಹ ದೂರುಗಳ ಹಿಂದೆ ಕೆಲವೊಮ್ಮೆ ಇಷ್ಟು ಸಣ್ಣ ಕಾರಣವಿರುತ್ತದೆ.

ಸಂದರ್ಶಕರು ಕರೆಯುವ ಹೆಸರು

ಜಾಲತಾಣಗಳ ವಿಷಯದಲ್ಲಿ ಯಂತ್ರದ ಹೆಸರಿಗೂ ತಾಣದ ಹೆಸರಿಗೂ ನಂಟು ತೀರ ಸಡಿಲ. ಭಾರತದ ನೂರಾರು ಜಿಲ್ಲೆಗಳ ಅಧಿಕೃತ ತಾಣಗಳು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ಎಸ್‌3ವಾಸ್ ಎಂಬ ಸಮಾನ ಚೌಕಟ್ಟಿನ ಮೇಲೆ ನಿಂತಿವೆ. ಮಂಡ್ಯದ ತಾಣವೂ ಅವುಗಳಲ್ಲೊಂದು. ಇಂತಹ ವ್ಯವಸ್ಥೆಯಲ್ಲಿ 'ಮಂಡ್ಯ' ಎಂಬ ಹೆಸರಿನ ಪೆಟ್ಟಿಗೆಯೊಂದು ಎಲ್ಲಿಯೂ ಇರಬೇಕಾಗಿಲ್ಲ. ಕೋರಿಕೆಯನ್ನು ಪಡೆದ ಯಂತ್ರ ತನ್ನ ಹೆಸರೇನೆಂದು ಕಾರ್ಯಾಚರಣೆ ವ್ಯವಸ್ಥೆಯನ್ನು ಕೇಳಿಕೊಂಡರೆ ಬರುವ ಉತ್ತರಕ್ಕೂ ಮಳವಳ್ಳಿಯ ನಾಗರಿಕರು ಬ್ರೌಸರಿನಲ್ಲಿ ಬರೆದ ಹೆಸರಿಗೂ ಏನೂ ಸಂಬಂಧವಿರುವುದಿಲ್ಲ.

ಭೂದಾಖಲೆಗಳ ಇತಿಹಾಸದಲ್ಲಿ ಈ ಬದಲಾವಣೆಯನ್ನು ಕಾಣಬಹುದು. ಕರ್ನಾಟಕದ ಭೂಮಿ ಯೋಜನೆ 177 ತಾಲ್ಲೂಕುಗಳಲ್ಲಿ ಪಹಣಿಯನ್ನು ಗಣಕೀಕರಿಸಿದ ಆರಂಭದ ವರ್ಷಗಳಲ್ಲಿ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲಿಯೇ ಆ ತಾಲ್ಲೂಕಿನ ದಾಖಲೆಗಳಿದ್ದವು. ಮದ್ದೂರಿನ ಪಹಣಿಗೆ ಮದ್ದೂರಿಗೆ, ಮಳವಳ್ಳಿಯ ಪಹಣಿಗೆ ಮಳವಳ್ಳಿಗೆ ಹೋಗಬೇಕಿತ್ತು. ಇಂದು ಎರಡೂ ತಾಲ್ಲೂಕಿನ ರೈತರು ಒಂದೇ ಪೂರ್ಣ ಹೆಸರನ್ನು ಬಳಸುತ್ತಾರೆ. ಇಂತಹ ದೊಡ್ಡ ತಾಣಗಳಲ್ಲಿ ಹೆಸರಿನ ಹಿಂದೆ ಸಾಮಾನ್ಯವಾಗಿ ಭಾರ ಹಂಚುವ ಯಂತ್ರವೂ ಅದರ ಹಿಂದೆ ಹಲವು ಸರ್ವರುಗಳೂ ಇರುತ್ತವೆ. ಹೆಸರು ಸೇವೆಯದು, ಯಂತ್ರದ್ದಲ್ಲ.

ಸಂದರ್ಶಕರು ಯಾವ ಹೆಸರಿನಿಂದ ಕರೆದರು ಎಂಬುದು ಎಚ್‌ಟಿಟಿಪಿ ಕೋರಿಕೆಯ ಹೋಸ್ಟ್ ಶಿರೋಲೇಖದಲ್ಲಿ ಬರುತ್ತದೆ. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ಇದನ್ನು ಕಡ್ಡಾಯ ಮಾಡಿದ್ದರಿಂದಲೇ ಒಂದು ವಿಳಾಸದಲ್ಲಿ ಅನೇಕ ತಾಣಗಳನ್ನು ನಡೆಸುವುದು ಸುಲಭವಾಯಿತು. ಹಾಗಾದರೆ ಅನ್ವಯವು ಈ ಶಿರೋಲೇಖವನ್ನೇ ಓದಿ ತನ್ನ ಹೆಸರೆಂದು ಬಳಸಬಾರದೇಕೆ? ಪುಟದಲ್ಲಿ ತೋರಿಸುವ ಮಟ್ಟಿಗೆ ಬಳಸಬಹುದು. ಆದರೆ ಅದನ್ನು ಬರೆದು ಕಳುಹಿಸುವುದು ಸಂದರ್ಶಕರ ಕಡೆಯ ತಂತ್ರಾಂಶ; ಅದರಲ್ಲಿ ಏನನ್ನು ಬೇಕಾದರೂ ಬರೆಯಬಹುದು.

ಮಳವಳ್ಳಿಯ ಕಾಲೇಜೊಂದು ಫಲಿತಾಂಶ.ಎಕ್ಸಾಂಪಲ್ ಎಂಬ ತಾಣವನ್ನು ನಡೆಸುತ್ತಿದೆ ಎಂದು ಭಾವಿಸೋಣ. ಎಕ್ಸಾಂಪಲ್ ಎಂಬುದು ಇಂತಹ ಉದಾಹರಣೆಗಳಿಗಾಗಿಯೇ 1999ರಲ್ಲಿ ಕಾದಿರಿಸಿದ ವಲಯ. ಗುಪ್ತಪದ ಮರೆತವರಿಗೆ ಅದು ಮಿಂಚಂಚೆಯಲ್ಲಿ ಒಂದು ಕೊಂಡಿಯನ್ನು ಕಳುಹಿಸುತ್ತದೆ, ಮತ್ತು ಕೊಂಡಿಯ ಹೆಸರನ್ನು ಹೋಸ್ಟ್ ಶಿರೋಲೇಖದಿಂದ ತೆಗೆದುಕೊಳ್ಳುತ್ತದೆ. ಕಿಡಿಗೇಡಿಯೊಬ್ಬ ವಿದ್ಯಾರ್ಥಿನಿಯ ಮಿಂಚಂಚೆ ವಿಳಾಸವನ್ನು ಕೊಟ್ಟು ಗುಪ್ತಪದ ಬದಲಾವಣೆಗೆ ಕೋರಿಕೆ ಸಲ್ಲಿಸುತ್ತಾನೆ. ಶಿರೋಲೇಖದಲ್ಲಿ ಮಾತ್ರ ತನ್ನ ಸ್ವಂತ ತಾಣದ ಹೆಸರನ್ನು ಬರೆಯುತ್ತಾನೆ. ಕಾಲೇಜಿನ ಸರ್ವರ್ ಅದನ್ನು ನಂಬಿ, ಗುಟ್ಟಿನ ಸಂಕೇತವನ್ನು ಹೊತ್ತ ಕೊಂಡಿಯನ್ನು ಅವನ ತಾಣದ ಹೆಸರಿನಲ್ಲಿಯೇ ಸಿದ್ಧಪಡಿಸಿ ವಿದ್ಯಾರ್ಥಿನಿಗೆ ಕಳುಹಿಸುತ್ತದೆ. ಪತ್ರ ನಿಜವಾಗಿಯೂ ಕಾಲೇಜಿನಿಂದಲೇ ಬಂದಿರುವುದರಿಂದ ಆಕೆಗೆ ಸಂಶಯ ಬರುವುದಿಲ್ಲ. ಕೊಂಡಿಯನ್ನು ಒತ್ತಿದ ಕ್ಷಣ ಸಂಕೇತ ಕಿಡಿಗೇಡಿಯ ಕೈಸೇರುತ್ತದೆ. ಆಕೆಯ ಖಾತೆ ಅವನದಾಗುತ್ತದೆ. ಇಲ್ಲಿ ಯಾವ ಗುಪ್ತಪದವೂ ಕಳುವಾಗಿಲ್ಲ, ಯಾವ ಬೀಗವೂ ಮುರಿದಿಲ್ಲ. ಸರ್ವರ್ ತನ್ನ ಹೆಸರನ್ನು ಅಪರಿಚಿತರ ಬಾಯಿಂದ ಕೇಳಿ ತಿಳಿದುಕೊಂಡದ್ದಷ್ಟೇ ಆದ ತಪ್ಪು.

ಪಿಎಚ್‌ಪಿ ಬಳಕೆದಾರರು ಸರ್ವರ್_ನೇಮ್ ಎಂಬ ಚರವನ್ನು ಸುರಕ್ಷಿತವೆಂದು ತಿಳಿಯುವುದುಂಟು. ಅಪಾಚೆ 2ರ ಸಂರಚನೆಯಲ್ಲಿ ಸರ್ವರ್‌ನೇಮ್ ನಿರ್ದೇಶನವನ್ನು ಬರೆದು ಯೂಸ್‌ಕ್ಯಾನಾನಿಕಲ್‌ನೇಮ್ ಎಂಬುದನ್ನು ಚಾಲನೆಗೆ ತರದಿದ್ದರೆ ಆ ಚರವೂ ಸಂದರ್ಶಕರು ಹೇಳಿದ ಹೆಸರನ್ನೇ ಪ್ರತಿಧ್ವನಿಸುತ್ತದೆ ಎಂದು ಪಿಎಚ್‌ಪಿಯ ಕೈಪಿಡಿಯೇ ಎಚ್ಚರಿಸುತ್ತದೆ. ಮಧ್ಯವರ್ತಿ ಸರ್ವರುಗಳು ಸೇರಿಸುವ ಎಕ್ಸ್-ಫಾರ್ವರ್ಡೆಡ್-ಹೋಸ್ಟ್ ಎಂಬ ಶಿರೋಲೇಖದ ಸ್ಥಿತಿಯೂ ಭಿನ್ನವಲ್ಲ. ಅದು ತನ್ನದೇ ಮಧ್ಯವರ್ತಿಯಿಂದ ಬಂದದ್ದೆಂದು ಖಚಿತವಾದಾಗ ಮಾತ್ರ ಒಪ್ಪತಕ್ಕದ್ದು.

ಸಂರಚನೆಯಲ್ಲಿ ಬರೆದಿಡುವ ಪದ್ಧತಿ

ಈ ಕಾರಣಗಳಿಂದ, ಹೊರಜಗತ್ತಿಗೆ ತೋರುವ ಹೆಸರನ್ನು ಹುಡುಕಿ ತೆಗೆಯುವ ಬದಲು ವ್ಯವಸ್ಥಾಪಕರೇ ಸಂರಚನಾ ಕಡತದಲ್ಲಿ ಅಥವಾ ಪರಿಸರ ಚರದಲ್ಲಿ ಬರೆದಿಡುವುದು ಹೆಚ್ಚು ಸರಿಯಾದ ಕ್ರಮ. ಸೇವೆಗೆ ಯಾವ ಹೆಸರಿರಬೇಕು ಎಂಬುದು ಜನರು ಮಾಡಿದ ತೀರ್ಮಾನ. ಯಂತ್ರವನ್ನು ಎಷ್ಟು ಶೋಧಿಸಿದರೂ ಆ ತೀರ್ಮಾನ ಅಲ್ಲಿ ಸಿಗಲಾರದು. ಪೈಥಾನಿನ ಜ್ಯಾಂಗೋ ಚೌಕಟ್ಟು ಅಲೌಡ್_ಹೋಸ್ಟ್ಸ್ ಎಂಬ ಪಟ್ಟಿಯನ್ನು ಬೇಡುತ್ತದೆ. ಶಿರೋಲೇಖದಲ್ಲಿ ಬಂದ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಕೋರಿಕೆಯನ್ನು ತಿರಸ್ಕರಿಸುತ್ತದೆ. ಪಟ್ಟಿಯಲ್ಲಿ ನಕ್ಷತ್ರ ಚಿಹ್ನೆಯನ್ನು ಹಾಕಿ ಎಲ್ಲವನ್ನೂ ಒಪ್ಪಿಕೊಳ್ಳುವಂತೆ ಮಾಡುವವರೂ ಇದ್ದಾರೆ. ಅದು ಬಾಗಿಲಿಗೆ ಚಿಲಕವನ್ನು ಜೋಡಿಸಿ ಹಾಕದೆ ಬಿಟ್ಟಂತೆ.

ಯಂತ್ರವೇ ಹುಡುಕಿಕೊಳ್ಳುವ ಹೆಸರಿಗೂ ಅದರದೇ ಆದ ಸ್ಥಾನವಿದೆ. ಹತ್ತು ಸರ್ವರುಗಳಲ್ಲಿ ಯಾವುದರಲ್ಲಿ ದೋಷ ಉಂಟಾಯಿತು ಎಂದು ತಿಳಿಯಲು ದಿನಚರಿಯ ಸಾಲಿನಲ್ಲಿ ಬೇಕಾದದ್ದು ಸೇವೆಯ ಹೆಸರಲ್ಲ, ಯಂತ್ರದ ಹೆಸರು. ಅಲ್ಲಿ ಗೆಟ್‌ಹೋಸ್ಟ್‌ನೇಮ್ ಕೊಡುವ ಕಿರು ಉತ್ತರವೇ ಸಾಕು. ಡಿಎನ್‌ಎಸ್ ಹುಡುಕಾಟದ ಅಗತ್ಯವಿಲ್ಲ. ಒಂದೇ ಸಂಸ್ಥೆಯ ಒಳಜಾಲದಲ್ಲಿ ಸರ್ವರುಗಳು ಪರಸ್ಪರ ಮಾತನಾಡುವಾಗ ಪರಿಹಾರಕ ಕೊಡುವ ಪೂರ್ಣ ಹೆಸರು ಉಪಯುಕ್ತ. ಆಗಲೂ ಬಂದ ಹೆಸರನ್ನು ಮತ್ತೆ ಮುಮ್ಮುಖವಾಗಿ ಹುಡುಕಿ, ಅದು ತನ್ನದೇ ವಿಳಾಸಕ್ಕೆ ಮರಳುತ್ತದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಅಂಚೆ ಸರ್ವರುಗಳು ಅಪರಿಚಿತ ಯಂತ್ರಗಳನ್ನು ಪರೀಕ್ಷಿಸುವ ಬಗೆಯೂ ಇದೇ.

ಕನ್ನಡ ಲಿಪಿಯ ಹೆಸರುಗಳು

ಡಿಎನ್‌ಎಸ್ ಮೂಲತಃ ರೋಮನ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗಳಿಗಾಗಿ ರೂಪುಗೊಂಡದ್ದು. ಇತರ ಲಿಪಿಗಳ ಹೆಸರುಗಳನ್ನು ಪ್ಯೂನಿಕೋಡ್ ಎಂಬ ವಿಧಾನದಿಂದ ರೋಮನ್ ಅಕ್ಷರಗಳ ಸಾಲಾಗಿ ಮಾರ್ಪಡಿಸಲಾಗುತ್ತದೆ. 2003ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 3492 ಇದನ್ನು ವಿವರಿಸುತ್ತದೆ. ಮಾರ್ಪಟ್ಟ ಪ್ರತಿಯೊಂದು ತುಣುಕೂ ಎಕ್ಸ್, ಎನ್ ಎಂಬ ಎರಡು ಅಕ್ಷರ ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುತ್ತದೆ. ಭಾರತಕ್ಕೆ ದೊರೆತಿರುವ ರಾಷ್ಟ್ರಮಟ್ಟದ ವಲಯಗಳಲ್ಲಿ ಕನ್ನಡ ಲಿಪಿಯ 'ಭಾರತ' ಎಂಬುದೂ ಒಂದು.

ಅನ್ವಯ ಬರೆಯುವವರಿಗೆ ಇದರಿಂದ ಬರುವ ತೊಡಕು ಹೋಲಿಕೆಯದು. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕನ್ನಡ ಅಕ್ಷರಗಳು ಕಂಡರೂ ಹೋಸ್ಟ್ ಶಿರೋಲೇಖದಲ್ಲಿ ಬರುವುದು ಮಾರ್ಪಟ್ಟ ರೂಪ. ಸಂರಚನಾ ಕಡತದಲ್ಲಿ ಹೆಸರನ್ನು ಕನ್ನಡದಲ್ಲಿ ಬರೆದು ಶಿರೋಲೇಖದೊಡನೆ ನೇರವಾಗಿ ಹೋಲಿಸಿದರೆ ಎರಡೂ ಎಂದಿಗೂ ಹೊಂದುವುದಿಲ್ಲ, ಮತ್ತು ತಾಣ ತನ್ನ ಸ್ವಂತ ಹೆಸರನ್ನೇ ಅಪರಿಚಿತವೆಂದು ತಿರಸ್ಕರಿಸುತ್ತದೆ. ಎರಡನ್ನೂ ಮಾರ್ಪಟ್ಟ ರೂಪಕ್ಕೆ ತಂದ ಮೇಲೆ ಹೋಲಿಸಬೇಕು. ತುಣುಕಿನ 63ರ ಮಿತಿಯೂ ಮಾರ್ಪಟ್ಟ ರೂಪಕ್ಕೆ ಅನ್ವಯಿಸುತ್ತದೆ. ಒತ್ತಕ್ಷರ ಮತ್ತು ಸ್ವರಚಿಹ್ನೆಗಳು ಯೂನಿಕೋಡಿನಲ್ಲಿ ಪ್ರತ್ಯೇಕ ಸಂಕೇತಗಳಾಗಿ ಎಣಿಕೆಗೆ ಬರುವುದರಿಂದ, ನೋಡಲು ಎರಡೇ ಅಕ್ಷರಗಳಿರುವ 'ಮಂಡ್ಯ' ಎಂಬ ಪದದಲ್ಲಿ ಐದು ಸಂಕೇತಗಳಿವೆ.